ನೋಡುಗರೇ ಮಳೆ ಸುರಿಸಲಿ: ಪುನಶ್ಚೇತನ ಕೃಷಿಯನ್ನು ಇಂಟರಾಕ್ಟಿವ್ ಆಗಿ ತೋರಿಸುವುದು ಹೇಗೆ?

"ಯಾವ ಸಾಫ್ಟ್‌ವೇರ್ ಬಳಸಲಿ?" ಈ ವಿಷಯದಲ್ಲಿ ನನಗೆ ಬರುವ ಮೊದಲ ಪ್ರಶ್ನೆ ಯಾವಾಗಲೂ ಇದೇ. ಕೇಳುವವರು ಬೇರೆ ಬೇರೆ ಥರದವರು. ಊರಲ್ಲಿ ಅಪ್ಪನ ಹೊಲ, ವೈಟ್‌ಫೀಲ್ಡಿನಲ್ಲಿ ಕೆಲಸ ಇರುವವರು. ಡಿಸೈನ್ ಓದುತ್ತಿರುವ ವಿದ್ಯಾರ್ಥಿಗಳು. ರೈತರಿಂದ ನೇರವಾಗಿ ತರಕಾರಿ ತರಿಸಿ ಅಪಾರ್ಟ್‌ಮೆಂಟುಗಳಿಗೆ ಕೊಡುವವರು. ಎಲ್ಲರಿಗೂ ಒಂದೇ ಆಸೆ. ಮಣ್ಣು ಉಳಿಸುವ ಬೇಸಾಯದ ಬಗ್ಗೆ ಪೋಸ್ಟರು, ಭಾಷಣ ಎಲ್ಲ ಆಯಿತು, ಇನ್ನು ಜನ ಮುಟ್ಟಿ ಆಡಿ ತಾವೇ ಕಂಡುಕೊಳ್ಳುವಂಥದ್ದು ಏನಾದರೂ ಮಾಡಬೇಕು ಅಂತ.

ಸಾಫ್ಟ್‌ವೇರ್ ಪ್ರಶ್ನೆಗೆ ಉತ್ತರ ಇದೆ. ಆದರೆ ಅದು ಆರನೇ ಹಂತದಲ್ಲಿ ಬರುತ್ತದೆ. ಅಲ್ಲಿಂದಲೇ ಶುರು ಮಾಡಿದವರ ಹತ್ತಿರ ಚಂದದ ಆ್ಯನಿಮೇಷನ್ ಇರುತ್ತದೆ. ರೈತರೊಬ್ಬರು ಬಂದು ಒಂದೇ ಒಂದು ಪ್ರಶ್ನೆ ಕೇಳಿದರೆ ಉತ್ತರ ಇರುವುದಿಲ್ಲ.

ಮೊದಲು ಎರಡು ಮಾತಿನ ಅರ್ಥ

ಪುನಶ್ಚೇತನ ಕೃಷಿ ಅಂದರೆ ಬೆಳೆ ತೆಗೆಯುತ್ತಲೇ ಮಣ್ಣನ್ನು ವರ್ಷದಿಂದ ವರ್ಷಕ್ಕೆ ಸುಧಾರಿಸಿಕೊಂಡು ಹೋಗುವ ಬೇಸಾಯ. 'ರೀಜನರೇಟಿವ್' ಅನ್ನುವ ಹೆಸರನ್ನು 1980ರ ದಶಕದಲ್ಲಿ ಬಳಕೆಗೆ ತಂದವರು ಅಮೆರಿಕದ ರಾಬರ್ಟ್ ರೊಡೇಲ್. ಸಾಮಾನ್ಯವಾಗಿ ಐದು ಸೂತ್ರ ಹೇಳುತ್ತಾರೆ: ಮಣ್ಣನ್ನು ಬರಿದಾಗಿ ಬಿಡಬೇಡಿ, ಉಳುಮೆ ಕಡಿಮೆ ಮಾಡಿ, ಒಂದೇ ಬೆಳೆಗೆ ಜೋತು ಬೀಳಬೇಡಿ, ನೆಲದೊಳಗೆ ಜೀವಂತ ಬೇರು ಇರಲಿ, ದನಕರು ಜೊತೆಗಿರಲಿ. ಬೆಂಗಳೂರು ಸುತ್ತಲಿನ ಹಿರಿಯ ರೈತರಿಗೆ ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ಹಳೆಯ ವಿಷಯವೇ. ರಾಗಿ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಸೇರಿಸಿ ಅಕ್ಕಡಿ ಸಾಲು ಹಾಕುತ್ತಿದ್ದರಲ್ಲ, ಅಲ್ಲಿ ರಾಗಿ ಕಟಾವಾದ ಮೇಲೂ ಅವರೆ, ತೊಗರಿ ನಿಂತಿರುತ್ತವೆ. ಜೀವಂತ ಬೇರು ಅನ್ನುವ ಸೂತ್ರಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ನಿಮಗೆ ಸಿಗುವುದಿಲ್ಲ.

ಒಂದು ಎಚ್ಚರಿಕೆ. ಸಾವಯವ ಕೃಷಿಗೆ ಕೇಂದ್ರ ಸರ್ಕಾರದ ಎನ್‌ಪಿಒಪಿ (ಸಾವಯವ ಉತ್ಪಾದನೆಯ ರಾಷ್ಟ್ರೀಯ ಕಾರ್ಯಕ್ರಮ) ಪ್ರಮಾಣೀಕರಣ ಇದೆ. ಪುನಶ್ಚೇತನ ಕೃಷಿಗೆ ಎಲ್ಲರೂ ಒಪ್ಪಿದ ಅಂಥ ಅಳತೆಗೋಲು ಇಲ್ಲ. ಹಾಗಾಗಿ ಆ ಹೆಸರನ್ನು ಯಾರು ಬೇಕಾದರೂ ಪ್ಯಾಕೆಟ್ ಮೇಲೆ ಅಚ್ಚು ಹಾಕಿಸಬಹುದು. ನಿಮ್ಮ ಪರದೆಯಲ್ಲಿ ಹೆಸರಿಗಿಂತ ಕೆಲಸ ಕಾಣಲಿ: ಇಲ್ಲಿ ಹೊದಿಕೆ ಹಾಕಿದ್ದಾರೆ, ಇಲ್ಲಿ ಉಳುಮೆ ಬಿಟ್ಟಿದ್ದಾರೆ, ಹೀಗೆ.

ಇಂಟರಾಕ್ಟಿವ್ ಅಂದರೆ ನೋಡುವವರು ಏನೋ ಮಾಡಿದ್ದಕ್ಕೆ ಪರದೆ ಉತ್ತರ ಕೊಡಬೇಕು. ಸ್ಲೈಡರ್ ಎಳೆದರೆ, ಅಂದರೆ ಬೆರಳಿಂದ ಆಚೀಚೆ ಜರುಗಿಸುವ ಗುಂಡಿಯನ್ನು ಸರಿಸಿದರೆ, ಮಳೆ ಜೋರಾಗಬೇಕು. ವಿಡಿಯೊಗೆ ಪ್ಲೇ ಒತ್ತುವುದು ಇಂಟರಾಕ್ಟಿವ್ ಅಲ್ಲ. ಮುಂದಿನ ಪುಟಕ್ಕೆ ಬಾಣ ಒತ್ತುವುದೂ ಅಲ್ಲ.

ಬೇಕಾಗುವ ಸಾಮಾನು

ಫೋನು, ಒಂದು ಸಾಧಾರಣ ಲ್ಯಾಪ್‌ಟಾಪು, ಕಾಗದ, ಕತ್ತರಿ. 15 ಸೆಂಟಿಮೀಟರ್ ಅಗಲದ ಪಿವಿಸಿ ಪೈಪಿನ ತುಂಡು ಎರಡು. ಅಳತೆ ಜಾರು, ಎರಡು ಗಾಜಿನ ಲೋಟ, ಸ್ವಲ್ಪ ಸೊಳ್ಳೆ ಪರದೆಯ ಜಾಲರಿ. ಎಲ್ಲಕ್ಕಿಂತ ಮುಖ್ಯವಾಗಿ ಮಾತಿಗೆ ಸಿಗುವ ಒಬ್ಬ ರೈತ, ಅಕ್ಕಪಕ್ಕ ಇರುವ ಎರಡು ಬೇರೆ ರೀತಿಯ ಹೊಲ: ಒಂದು ಪದೇ ಪದೇ ಉತ್ತು ಬರಿದಾಗಿ ಬಿಟ್ಟದ್ದು, ಇನ್ನೊಂದು ಹೊದಿಕೆ ಹಾಕಿದ್ದು. ಪರಿಚಯ ಇಲ್ಲದಿದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ದೊಡ್ಡಬಳ್ಳಾಪುರ ಕಡೆಯಾದರೆ ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲೂ ವಿಚಾರಿಸಬಹುದು.

1. ಯಾರಿಗೆ ಅಂತ ಗೊತ್ತುಮಾಡಿಕೊಳ್ಳಿ

"ರೈತರಿಗೂ ಆಗಬೇಕು, ಗ್ರಾಹಕರಿಗೂ ಆಗಬೇಕು, ಮಕ್ಕಳಿಗೂ ಆಗಬೇಕು" ಅಂದರೆ ಯಾರಿಗೂ ಆಗುವುದಿಲ್ಲ. ಜಯನಗರದ ಗ್ರಾಹಕರಿಗೆ ಉಳುಮೆ ಅಂದರೇನು ಅಂತ ತೋರಿಸಬೇಕಾಗುತ್ತದೆ. ದೇವನಹಳ್ಳಿಯ ರೈತರಿಗೆ ಅದನ್ನು ತೋರಿಸಿದರೆ ನಗುತ್ತಾರೆ. ಅವರಿಗೆ ಬೇಕಿರುವುದು ಖರ್ಚು, ಆಳು, ಇಳುವರಿ. ಒಬ್ಬರನ್ನು ಆರಿಸಿಕೊಳ್ಳಿ. ಇನ್ನೊಬ್ಬರಿಗೆ ಬೇಕಾದರೆ ಆಮೇಲೆ ಬೇರೆ ಆವೃತ್ತಿ ಮಾಡಿ.

2. ಒಂದೇ ಪ್ರಶ್ನೆ ಇಟ್ಟುಕೊಳ್ಳಿ

ಐದು ಸೂತ್ರವನ್ನೂ ಒಂದೇ ಪರದೆಯಲ್ಲಿ ತುರುಕುವ ಆಸೆ ಎಲ್ಲರಿಗೂ ಬರುತ್ತದೆ. ಬಿಡಿ. ಒಂದು ಸೂತ್ರ, ಅದರಲ್ಲೂ ಒಂದು ಪ್ರಶ್ನೆ ಸಾಕು. ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ಇದನ್ನೇ: "ಇದೇ ಮಳೆ ಬರಿ ಮಣ್ಣಿನ ಮೇಲೆ ಬಿದ್ದರೆ ಏನಾಗುತ್ತದೆ, ಹೊದಿಕೆ ಇರುವ ಮಣ್ಣಿನ ಮೇಲೆ ಬಿದ್ದರೆ ಏನಾಗುತ್ತದೆ?" ಹೊದಿಕೆ ಅಂದರೆ ಹುಲ್ಲು, ತರಗೆಲೆ, ಬೆಳೆಯ ಉಳಿಕೆಯಿಂದ ಮಣ್ಣು ಮುಚ್ಚುವುದು. ಮಲ್ಚಿಂಗ್ ಅನ್ನುವುದೂ ಇದನ್ನೇ.

ಈ ಪ್ರಶ್ನೆಯೇ ಯಾಕೆ? ಕಣ್ಣಿಗೆ ಕಾಣುವಂಥದ್ದು, ಬೇಗ ಆಗುವಂಥದ್ದು. ಬರಿ ಮಣ್ಣಿಗೆ ಹನಿ ಬಡಿದಾಗ ಹೆಂಟೆ ಒಡೆದು ಪುಡಿಯಾಗುತ್ತದೆ. ಆ ಪುಡಿ ಮಣ್ಣಿನ ಸಣ್ಣ ಸಣ್ಣ ತೂತುಗಳನ್ನು ಮುಚ್ಚುತ್ತದೆ. ಮೇಲೆ ಹೆಕ್ಕಳ ಕಟ್ಟುತ್ತದೆ, ನೀರು ಇಳಿಯಲಾರದೆ ಹರಿದು ಹೋಗುತ್ತದೆ, ಹೋಗುವಾಗ ಮೇಲ್ಮಣ್ಣನ್ನೂ ಒಯ್ಯುತ್ತದೆ. ಹೊದಿಕೆ ಇದ್ದರೆ ಪೆಟ್ಟನ್ನು ಹುಲ್ಲು ತಿನ್ನುತ್ತದೆ. ಇಷ್ಟನ್ನು ಬೆರಳಿಂದ ಮಳೆ ಸುರಿಸಿ ನೋಡಿದವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಲೆಕ್ಕವೂ ಸುಲಭ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಹಾಗಾದರೆ 10 ಮಿಲಿಮೀಟರ್ ಮಳೆಗೆ ಎಕರೆ ಮೇಲೆ ಬೀಳುವುದು 40,000 ಲೀಟರ್ ಚಿಲ್ಲರೆ. ಹೊಲ ಕಾಣದ ಬೆಂಗಳೂರಿನವರಿಗೆ ಈ ಅಂಕಿ ಸುಮ್ನೆ ಹೇಳಿದರೆ ತಲೆಗೆ ಹೋಗುವುದಿಲ್ಲ. ಆದರೆ 6,000 ಲೀಟರಿನ ಟ್ಯಾಂಕರ್ ಅವರಿಗೆ ಚೆನ್ನಾಗಿ ಗೊತ್ತು. 2024ರ ಬೇಸಿಗೆಯಲ್ಲಿ ಅದಕ್ಕಾಗಿ ಕಾದವರು ಇನ್ನೂ ಮರೆತಿಲ್ಲ. ಹತ್ತು ಮಿಲಿಮೀಟರ್ ಮಳೆ ಅಂದರೆ ಎಕರೆಗೆ ಸುಮಾರು ಏಳು ಟ್ಯಾಂಕರ್. ಪರದೆಯ ಮೂಲೆಯಲ್ಲಿ ಟ್ಯಾಂಕರ್‌ಗಳನ್ನು ಸಾಲಾಗಿ ನಿಲ್ಲಿಸಿ. ಹರಿದು ಹೋದ ನೀರಿಗೆ ತಕ್ಕಂತೆ ಒಂದೊಂದೇ ಹೊರಟು ಹೋಗಲಿ.

3. ಹೊಲದಲ್ಲಿ ಅಳೆಯಿರಿ, ಚಿತ್ರ ತೆಗೆಯಿರಿ

ಈ ಹಂತ ಬಿಟ್ಟರೆ ನಿಮ್ಮ ಕೈಯಲ್ಲಿ ಉಳಿಯುವುದು ಯಾವುದೋ ದೇಶದ ಕಪ್ಪು ಮಣ್ಣು, ಆನೆ ಗಾತ್ರದ ಟ್ರ್ಯಾಕ್ಟರು ಇರುವ ಸ್ಟಾಕ್ ಫೋಟೊ. ಬೆಂಗಳೂರು ಗ್ರಾಮಾಂತರದ ರೈತ ಕೆಂಪು ಮಣ್ಣು ಕಾಣದ ಚಿತ್ರವನ್ನು ತನ್ನದು ಅಂದುಕೊಳ್ಳುವುದಿಲ್ಲ.

ಹೆಂಟೆ ಪರೀಕ್ಷೆ. ಎರಡೂ ಹೊಲದಿಂದ ನಿಂಬೆಹಣ್ಣಿನ ಗಾತ್ರದ ಒಂದೊಂದು ಹೆಂಟೆ ತನ್ನಿ, ನೆರಳಲ್ಲಿ ಪೂರ್ತಿ ಒಣಗಿಸಿ. ನೀರು ತುಂಬಿದ ಲೋಟದ ಬಾಯಿಗೆ ಜಾಲರಿಯನ್ನು ಸ್ವಲ್ಪ ತಗ್ಗಾಗಿ ಕಟ್ಟಿ, ಎರಡನ್ನೂ ಒಟ್ಟಿಗೆ ಇಳಿಬಿಡಿ. ಫೋನನ್ನು ಪಕ್ಕದಿಂದ ಹಿಡಿದು ವಿಡಿಯೊ ಮಾಡಿ. ಪದೇ ಪದೇ ಉತ್ತ, ಗೊಬ್ಬರ ಕಾಣದ ಮಣ್ಣು ಟೀಗೆ ಅದ್ದಿದ ಬಿಸ್ಕತ್ತಿನ ಹಾಗೆ ಕಳಚಿ ಬೀಳುತ್ತದೆ. ಬೇರು, ಸಾವಯವ ಅಂಶ ಇರುವ ಮಣ್ಣು ಹಿಡಿದುಕೊಂಡಿರುತ್ತದೆ. ಹಸಿ ಹೆಂಟೆ ಬಳಸಿದರೆ ವ್ಯತ್ಯಾಸ ಕಾಣುವುದಿಲ್ಲ, ಇದನ್ನು ಮರೆಯಬೇಡಿ.

ಪೈಪ್ ಪರೀಕ್ಷೆ. ನೀರು ಎಷ್ಟು ಬೇಗ ಇಂಗುತ್ತದೆ ಅಂತ ನೋಡುವುದು. ಪೈಪಿನ ತುಂಡನ್ನು ಏಳೆಂಟು ಸೆಂಟಿಮೀಟರ್ ಆಳಕ್ಕೆ ಹೊಡೆಯಿರಿ. ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ 440 ಮಿಲಿಲೀಟರ್ ನೀರು ಹಾಕಿ, ಹಾಳೆಯನ್ನು ಮೆಲ್ಲಗೆ ಎಳೆದುಕೊಳ್ಳಿ. 15 ಸೆಂಟಿಮೀಟರ್ ಪೈಪಿನಲ್ಲಿ ಇಷ್ಟು ನೀರು ಸುಮಾರು ಒಂದು ಇಂಚು ಮಳೆಗೆ ಸಮ. ಮಣ್ಣು ಒಣಗಿದ್ದರೆ ಮೊದಲ ಸಲದ ನೀರನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ, ಎರಡನೇ ಸಲ ಹಾಕಿ ಸಮಯ ನೋಡಿ. ಪ್ರತಿ ಹೊಲದಲ್ಲೂ ಮೂರು ನಾಲ್ಕು ಕಡೆ ಮಾಡಿ. ಒಂದೇ ಕಡೆ ಅಳೆದರೆ ಇರುವೆ ಗೂಡಿನ ಮೇಲೋ ಟ್ರ್ಯಾಕ್ಟರ್ ಗಾಲಿಯ ಜಾಡಿನ ಮೇಲೋ ಕೂತಿರಬಹುದು.

ಈ ಹಂತದಲ್ಲಿ ಎಡವುವ ಜಾಗಗಳು ಹಲವು. ಕೊಳೆತ ಎಲೆ, ಗೊಬ್ಬರದಿಂದ ಬರುವ ಇಂಗಾಲ ಹೆಚ್ಚಿದ್ದರೆ ಮಣ್ಣಿನ ಬಣ್ಣ ಕಪ್ಪಾಗುತ್ತದೆ, ಆದರೆ ಒದ್ದೆ ಮಣ್ಣೂ ಯಾವತ್ತೂ ಕಪ್ಪಾಗಿ ಕಾಣುತ್ತದೆ. ಹೊದಿಕೆ ತೆಗೆದ ಕೂಡಲೇ ಫೋಟೊ ಹೊಡೆದು "ನೋಡಿ, ಇಂಗಾಲ ಎಷ್ಟು ಹೆಚ್ಚಿದೆ" ಅಂದರೆ ಅದು ತೇವ, ಇಂಗಾಲ ಅಲ್ಲ. ಎರಡೂ ಮಣ್ಣನ್ನು ಒಣಗಿಸಿ, ಒಂದೇ ನೆರಳಲ್ಲಿಟ್ಟು ತೆಗೆಯಿರಿ. ಏಪ್ರಿಲ್ ತಿಂಗಳ ಹೊಲವನ್ನು 'ಮೊದಲು' ಅಂತ, ಸೆಪ್ಟೆಂಬರ್ ಹೊಲವನ್ನು 'ನಂತರ' ಅಂತ ತೋರಿಸುವುದೂ ಬೇಡ. ಅಲ್ಲಿ ಬದಲಾಗಿದ್ದು ಮಳೆಗಾಲ ಅಷ್ಟೇ. ಕೆರೆ ಗೋಡು, ಅಂದರೆ ಕೆರೆಯ ಹೂಳು, ಹೊಡೆಸಿದ ಹೊಲವನ್ನು ಹೊಡೆಸದ ಹೊಲಕ್ಕೆ ಹೋಲಿಸಬೇಡಿ.

ಉಪಗ್ರಹ ಚಿತ್ರ ಹಾಕುವ ಆಸೆಯೂ ಬರುತ್ತದೆ. ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಉಚಿತ, 10 ಮೀಟರ್ ಅಂಗಳದವರೆಗೆ ವಿವರ ಸಿಗುತ್ತದೆ. ಅದರಿಂದ ಎನ್‌ಡಿವಿಐ ನಕ್ಷೆ ಮಾಡಬಹುದು. ಎಲೆಗಳ ಹಸಿರು ಎಷ್ಟಿದೆ ಅನ್ನುವುದನ್ನು ಬಣ್ಣದಲ್ಲಿ ತೋರಿಸುವ ನಕ್ಷೆ ಅದು. ಆದರೆ ಹಸಿರು ಅಂದಮಾತ್ರಕ್ಕೆ ಆರೋಗ್ಯ ಅಲ್ಲ. ನಮ್ಮ ಸುತ್ತಮುತ್ತ ನೀಲಗಿರಿ ತೋಪುಗಳಿವೆ, ಅವು ಬೇಸಿಗೆಯಲ್ಲೂ ನಕ್ಷೆಯಲ್ಲಿ ಹಸಿರಾಗಿ ಹೊಳೆಯುತ್ತವೆ. ಪಕ್ಕದ ಒಳ್ಳೆಯ ರಾಗಿ ಹೊಲ ಕಟಾವಾಗಿ ಕಂದು ಬಣ್ಣದಲ್ಲಿರುತ್ತದೆ. ನೋಡಿದವರು ಏನು ಅಂದುಕೊಳ್ಳುತ್ತಾರೆ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.

ರೈತರ ಹತ್ತಿರ ಮಣ್ಣು ಆರೋಗ್ಯ ಚೀಟಿ ಇದೆಯಾ ಕೇಳಿ. 2015ರಲ್ಲಿ ಶುರುವಾದ ಯೋಜನೆ ಅದು, 12 ಅಂಶಗಳ ಅಳತೆ ಇರುತ್ತದೆ. ನಿಮಗೆ ಬೇಕಿರುವುದು ಸಾವಯವ ಇಂಗಾಲದ ಅಂಕಿ. ಶೇ 0.5ಕ್ಕಿಂತ ಕಡಿಮೆ ಇದ್ದರೆ ಕಮ್ಮಿ, 0.75ಕ್ಕಿಂತ ಮೇಲಿದ್ದರೆ ಜಾಸ್ತಿ ಅಂತ ಲೆಕ್ಕ. ಚೀಟಿಯ ಫೋಟೊವನ್ನು ಹಾಗೇ ಹಾಕಬೇಡಿ. ಅದರಲ್ಲಿ ಹೆಸರು, ಸರ್ವೆ ನಂಬರ್ ಎಲ್ಲ ಇರುತ್ತದೆ. ನಕ್ಷೆಯಲ್ಲೂ ಹೊಲದ ನಿಖರ ಜಾಗ ಬೇಡ, ಹೋಬಳಿ ಮಟ್ಟ ಸಾಕು.

4. ರೈತರ ಕಷ್ಟದ ಪ್ರಶ್ನೆಯನ್ನು ಒಳಗೇ ತನ್ನಿ

ನನ್ನ ಪ್ರಕಾರ ಇಡೀ ಕೆಲಸ ಗೆಲ್ಲುವುದು ಸೋಲುವುದು ಇಲ್ಲೇ. ಹೊದಿಕೆ ಅಂದ ಕೂಡಲೇ ರಾಗಿ ಬೆಳೆಯುವವರು ಕೇಳುವುದು ಒಂದೇ: "ಹುಲ್ಲು ಮಣ್ಣಿಗೆ ಹಾಕಿದರೆ ದನಕ್ಕೇನು ಹಾಕಲಿ?" ರಾಗಿ ಹುಲ್ಲು ಇಲ್ಲಿ ಮೇವು. ಹಾಲು ಡೇರಿಗೆ ಹೋಗುತ್ತದೆ, ವಾರ ವಾರ ಕೈಗೆ ಕಾಸು ಬರುವುದು ಅಲ್ಲಿಂದಲೇ. ಅದನ್ನು ಮರೆತು ಹೊಲದ ತುಂಬ ಹುಲ್ಲು ಹಾಸಿದ ಚಿತ್ರ ತೋರಿಸಿದರೆ ನಿಮ್ಮ ಮಾತು ಮುಂದೆ ಯಾರೂ ಕೇಳುವುದಿಲ್ಲ.

ಆ ಪ್ರಶ್ನೆಯನ್ನೇ ಆಟ ಮಾಡಿ. ಪರದೆಯ ಮಧ್ಯೆ ಒಂದು ಹುಲ್ಲಿನ ಬಣವೆ. ಎಡಗಡೆ ಹಸು, ಬಲಗಡೆ ಹೊಲ. ನೋಡುವವರು ಹುಲ್ಲನ್ನು ಬೆರಳಿಂದ ಎಳೆದು ಹಂಚಬೇಕು. ಎಲ್ಲಾ ಹಸುವಿಗೆ ಕೊಟ್ಟರೆ ಹಾಲಿನ ಕ್ಯಾನು ತುಂಬುತ್ತದೆ, ಸಗಣಿ ತಿಪ್ಪೆಗೆ ಬಂದು ಗೊಬ್ಬರವಾಗಿ ಹೊಲಕ್ಕೆ ವಾಪಸ್ ಹೋಗುತ್ತದೆ, ಆದರೆ ಮುಂಗಾರಿನ ಮೊದಲ ಮಳೆಗೆ ಮಣ್ಣು ಬರಿದಾಗಿರುತ್ತದೆ. ಎಲ್ಲಾ ಹೊಲಕ್ಕೆ ಹಾಕಿದರೆ ಹಸು ಮುಖ ತಿರುಗಿಸುತ್ತದೆ, ಕ್ಯಾನು ಖಾಲಿ. ಇಬ್ಬರಿಗೂ ಸಾಲುವುದಿಲ್ಲ ಅಂತ ಕೈಯಾರೆ ಗೊತ್ತಾದ ಮೇಲೆ ಬದುವಿನ ಮೇಲೆ ಒತ್ತಲು ಬಿಡಿ. ಅಲ್ಲಿ ಹೊಂಗೆ, ಗ್ಲಿರಿಸಿಡಿಯಾ ನೆಟ್ಟರೆ ಕೆಲವು ವರ್ಷದ ನಂತರ ಸೊಪ್ಪು ಬರುತ್ತದೆ, ಅದು ಹೊದಿಕೆಯೂ ಆಗುತ್ತದೆ, ಗೊಬ್ಬರವೂ ಆಗುತ್ತದೆ. ನಡುವೆ ಹಲಸಂದೆಯೋ ಸೆಣಬೋ ಬಿತ್ತಿದರೆ ನೆಲಕ್ಕೆ ಹಸಿರು ಮುಚ್ಚಿಗೆ. 'ಕೆಲವು ವರ್ಷ' ಅನ್ನುವುದನ್ನು ಪರದೆಯೂ ಕಾಯಿಸಲಿ. ಒತ್ತಿದ ತಕ್ಷಣ ಮರ ಎದ್ದು ನಿಂತರೆ ಅದು ಸುಳ್ಳು.

ಕಾಲ ತೋರಿಸಲು ಜನವರಿ, ಫೆಬ್ರವರಿಗಿಂತ ಮಳೆ ನಕ್ಷತ್ರಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರಾ ಅಂತ ಸ್ಲೈಡರಿನ ಮೇಲೆ ಬರೆಯಿರಿ. ಒಂದೊಂದು ಮಳೆಗೆ ಹದಿಮೂರು ಹದಿನಾಲ್ಕು ದಿನ. ಬಿತ್ತನೆಯ ಲೆಕ್ಕ ಹಾಕುವ ಹಿರಿಯರಿಗೆ ಅದು ನೇರವಾಗಿ ತಲುಪುತ್ತದೆ. ನಗರದ ಮಕ್ಕಳಿಗೆ ಕೆಳಗೆ ಸಣ್ಣದಾಗಿ ತಿಂಗಳನ್ನೂ ಹಾಕಿ.

"ರಾಸಾಯನಿಕ ನಿಲ್ಲಿಸು" ಅಂತ ಒಂದು ಗುಂಡಿ ಇಟ್ಟು, ಒತ್ತಿದರೆ ಎಲ್ಲಾ ಹಸಿರು ಅಂತ ಮಾಡುವವರಿದ್ದಾರೆ. ಶ್ರೀಲಂಕಾ 2021ರ ಏಪ್ರಿಲ್‌ನಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಒಂದೇ ಏಟಿಗೆ ನಿಷೇಧಿಸಿ, ಬೆಳೆ ಕುಸಿದು, ಅದೇ ವರ್ಷ ನವೆಂಬರ್ ಹೊತ್ತಿಗೆ ಹಿಂದೆ ಸರಿಯಿತು. ಮಣ್ಣು ನಿಧಾನವಾಗಿ ಬದಲಾಗುತ್ತದೆ. ಶುರುವಿನ ವರ್ಷಗಳಲ್ಲಿ ಇಳುವರಿ ಇಳಿಯಲೂಬಹುದು, ಕೂಲಿ ಖರ್ಚು ಏರಲೂಬಹುದು. ಅದನ್ನೂ ತೋರಿಸಿ.

ಇನ್ನೊಂದು ನಿಯಮ: ನೀವು ಅಳೆದದ್ದು ಗಟ್ಟಿ ಗೆರೆ, ಅಂದಾಜು ಮಾಡಿದ್ದು ಚುಕ್ಕಿ ಗೆರೆ. ಪೈಪ್ ಪರೀಕ್ಷೆಯ ನಿಮಿಷಗಳು ಗಟ್ಟಿ ಗೆರೆ. ಐದನೇ ವರ್ಷದ ಇಂಗಾಲ ಚುಕ್ಕಿ ಗೆರೆ.

5. ಕಾಗದದಲ್ಲಿ ಆಡಿಸಿ ನೋಡಿ

ಇದನ್ನು ಪ್ರೋಟೋಟೈಪ್ ಅನ್ನುತ್ತಾರೆ, ಅಂದರೆ ಪರೀಕ್ಷೆಗೆ ಮಾಡಿದ ಕಚ್ಚಾ ಮಾದರಿ. ರಟ್ಟಿನ ಮೇಲೆ ಹೊಲ ಬರೆಯಿರಿ, ಹುಲ್ಲಿಗೆ ಹಳದಿ ಕಾಗದದ ಪಟ್ಟಿ. ಎದುರಿಗಿರುವವರು ಪಟ್ಟಿ ಸರಿಸಿದಂತೆ ನೀವೇ ಕಂಪ್ಯೂಟರ್ ಆಗಿ ಮುಂದಿನ ಚಿತ್ರ ಇಡಿ. ಬಾಯಿ ಬಿಡಬೇಡಿ. ಅವರು "ಈಗ ಏನ್ ಮಾಡ್ಬೇಕು?" ಅಂತ ನಿಮ್ಮ ಮುಖ ನೋಡಿದ ಜಾಗದಲ್ಲೇ ನಿಮ್ಮ ವಿನ್ಯಾಸ ಕೆಟ್ಟಿದೆ. ಇಲ್ಲಿ ಸರಿ ಮಾಡಲು ಕತ್ತರಿ ಸಾಕು, ಕೋಡ್ ಬರೆದ ಮೇಲೆ ವಾರ ಹಿಡಿಯುತ್ತದೆ.

6. ಈಗ ಸಾಫ್ಟ್‌ವೇರ್

ಎರಡು ಫೋಟೊಗಳ ಮೇಲೆ ಗೆರೆ ಎಳೆದು ಹೋಲಿಸುವುದಷ್ಟೇ ಸಾಕಾ? ನೈಟ್ ಲ್ಯಾಬಿನ ಜಕ್ಸ್ಟಪೋಸ್ ಉಚಿತ, ಕೋಡ್ ಬರಬೇಕಾಗಿಲ್ಲ. "ಹುಲ್ಲು ದನಕ್ಕೋ ಮಣ್ಣಿಗೋ" ಅಂತ ಆಯ್ಕೆ ಮಾಡುತ್ತಾ ಹೋಗುವ ಕಥೆಯಾದರೆ ಟ್ವೈನ್. ಕೊನೆಗೆ ಒಂದೇ ಎಚ್‌ಟಿಎಂಎಲ್ ಫೈಲ್ ಕೊಡುತ್ತದೆ, ನೆಟ್ ಇಲ್ಲದೆಯೂ ತೆರೆಯುತ್ತದೆ. ಒಂದು ಹೆಚ್ಚಿದರೆ ಇನ್ನೊಂದು ಹೇಗೆ ಏರಿಳಿಯುತ್ತದೆ ಅನ್ನುವ ಸುತ್ತುಗಳನ್ನು ತೋರಿಸಲು ನಿಕಿ ಕೇಸ್ ಮಾಡಿದ ಲೂಪಿ ಚೆನ್ನಾಗಿದೆ. ಮಳೆ ಹನಿ ಬಿದ್ದು ಮಣ್ಣು ಹಾರುವುದು ನಿಜವಾಗಿ ಕಾಣಬೇಕು ಅಂದರೆ ಪಿ5.ಜೆಎಸ್ ಕಲಿಯಿರಿ, ಬ್ರೌಸರಿನಲ್ಲಿ ಕೋಡ್ ಬರೆದು ಚಿತ್ರ ಆಡಿಸುವ ಸಲಕರಣೆ ಅದು. ಆಟದ ಎಂಜಿನ್‌ಗೇ, ಅಂದರೆ ವಿಡಿಯೊ ಗೇಮ್ ಕಟ್ಟುವ ಸಾಫ್ಟ್‌ವೇರಿಗೇ, ಹೋಗುವುದಾದರೆ ಗೊಡಾಟ್ 4. ಕಾರಣ ಮುಂದಿನ ಹಂತದಲ್ಲಿದೆ.

ವಿಆರ್ ಕನ್ನಡಕ ಬೇಡ ಅನ್ನುತ್ತೇನೆ. ಒಬ್ಬರು ಹಾಕಿಕೊಂಡರೆ ಉಳಿದವರು ಅವರ ಮುಖ ನೋಡುತ್ತಾ ನಿಲ್ಲಬೇಕು.

7. ಕನ್ನಡ ಅಕ್ಷರ, ದನಿ, ತೂಕ

ಒತ್ತಕ್ಷರ ಒಡೆಯುವುದು ಅತಿ ಸಾಮಾನ್ಯ ತೊಂದರೆ. 'ಮಣ್ಣು' ಅನ್ನುವುದು 'ಮಣ್‌ಣು' ಆಗಿ ಬಿಡಿ ಬಿಡಿಯಾಗಿ ಕಾಣುತ್ತದೆ. ಬ್ರೌಸರಿನಲ್ಲಿ ಮಾಮೂಲಿ ಪಠ್ಯವಾಗಿ ಹಾಕಿದರೆ ಈ ಕಾಟ ಇಲ್ಲ. ಯೂನಿಟಿ ಅನ್ನುವ ಇನ್ನೊಂದು ಆಟದ ಎಂಜಿನ್ನಿನ ಟೆಕ್ಸ್ಟ್‌ಮೆಶ್‌ಪ್ರೊದಲ್ಲಿ ಇದೆ, ಗೊಡಾಟ್ 4ರಲ್ಲಿ ಸರಿಯಾಗಿ ಬರುತ್ತದೆ. ಫೋಟೊಶಾಪಿನಲ್ಲಾದರೆ ಪಠ್ಯದ ಸೆಟ್ಟಿಂಗಿನಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆ ಆನ್ ಮಾಡಬೇಕು. ಹಳೆಯ ನುಡಿಯಲ್ಲಿ ಟೈಪ್ ಮಾಡಿದ ಕಡತ ಯಾರಾದರೂ ಕೊಟ್ಟರೆ ಮೊದಲು ಯೂನಿಕೋಡ್‌ಗೆ ಬದಲಿಸಿ. ಫಾಂಟ್‌ಗೆ ನೋಟೊ ಸ್ಯಾನ್ಸ್ ಕನ್ನಡ ಅಥವಾ ಬಲೂ ತಮ್ಮ ಇವೆ, ಎರಡೂ ಉಚಿತ.

ಪರದೆಯಲ್ಲಿ ಅಕ್ಷರ ಕಡಿಮೆ, ದನಿ ಜಾಸ್ತಿ ಇರಲಿ. ಅದೇ ರೈತರ ದನಿಯಲ್ಲಿ, ಅವರ ಮಾತಿನಲ್ಲೇ ರೆಕಾರ್ಡ್ ಮಾಡಿ. ಸುದ್ದಿ ಓದುವ ದನಿ ಬೇಡ. ಕೆಂಪು ಮತ್ತು ಹಸಿರನ್ನೇ 'ಕೆಟ್ಟದ್ದು, ಒಳ್ಳೆಯದು' ಅಂತ ಬಳಸಬೇಡಿ. ಬಣ್ಣ ಗುರುತಿಸಲಾಗದವರಿಗೆ ಎರಡೂ ಒಂದೇ, ಮೇಲಾಗಿ ನಮ್ಮ ಒಳ್ಳೆಯ ಮಣ್ಣೇ ಕೆಂಪು. ಗುಂಡಿಗಳು ಒಂದು ಸೆಂಟಿಮೀಟರ್‌ಗಿಂತ ಚಿಕ್ಕದಾಗಬಾರದು. ಎಲ್ಲಾ ಸೇರಿ ಎರಡು ಎಂಬಿ ಒಳಗಿರಲಿ ಅನ್ನುವುದು ನನ್ನ ಲೆಕ್ಕ. ಆಫೀಸಿನ ವೈಫೈಯಲ್ಲಿ ನೋಡಿ ಸಮಾಧಾನ ಪಡಬೇಡಿ, ಹಳೆಯ ಆಂಡ್ರಾಯ್ಡ್ ಫೋನಿನಲ್ಲಿ, ಸಿಗ್ನಲ್ ಎರಡೇ ಕಡ್ಡಿ ಇರುವ ಊರಲ್ಲಿ ತೆರೆದು ನೋಡಿ.

8. ಜನರ ಮುಂದೆ ಇಡಿ

ಬೆಂಗಳೂರಿನಲ್ಲಿ ಜಾಗಕ್ಕೆ ಕೊರತೆ ಇಲ್ಲ. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ನಡೆಯುವ ಕೃಷಿ ಮೇಳಕ್ಕೆ ರೈತರೂ ನಗರದವರೂ ಬರುತ್ತಾರೆ. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವದ ಹೊತ್ತಿಗೆ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ, ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ. ಅನುಮತಿಗೆ ಮೊದಲೇ ಕೇಳಬೇಕು. ಅಷ್ಟು ದೊಡ್ಡದು ಬೇಡ ಅಂದರೆ ನಿಮ್ಮ ಏರಿಯಾದ ರೈತ ಸಂತೆಯ ಒಂದು ಮೇಜು ಸಾಕು.

ಮೇಳದಲ್ಲಿ ಜನ ನಿಂತೇ ನೋಡುತ್ತಾರೆ, ಹಿಂದಿನವರು ತಳ್ಳುತ್ತಿರುತ್ತಾರೆ. ಒಂದು ನಿಮಿಷದಲ್ಲಿ ಮೊದಲ ಮಳೆ ಸುರಿದು ಮುಗಿದಿರಬೇಕು. ಅರ್ಧ ನಿಮಿಷ ಯಾರೂ ಮುಟ್ಟದಿದ್ದರೆ ತಾನೇ ಮೊದಲಿಗೆ ವಾಪಸ್ ಬರಲಿ. ಟ್ಯಾಬ್ಲೆಟ್ಟಿನಲ್ಲಿ ಸ್ಕ್ರೀನ್ ಪಿನ್ನಿಂಗ್ ಆನ್ ಮಾಡಿ, ಇಲ್ಲದಿದ್ದರೆ ಮಕ್ಕಳು ಯೂಟ್ಯೂಬಿಗೆ ಹೋಗುತ್ತಾರೆ. ಬಿಸಿಲಿಗೆ ಪರದೆ ಕಾಣುವುದಿಲ್ಲ, ನೆರಳು ನೋಡಿಕೊಂಡು ಇಡಿ. ಪಕ್ಕದಲ್ಲಿ ನಿಜವಾದ ಹೆಂಟೆ ಪರೀಕ್ಷೆಯ ಎರಡು ಲೋಟವೂ ಇರಲಿ. ಪರದೆ ನೋಡಿ ಅನುಮಾನ ಪಟ್ಟವರು ಲೋಟದ ಹತ್ತಿರ ಬರುತ್ತಾರೆ.

ನೋಡಿ ಹೊರಟವರನ್ನು "ಚೆನ್ನಾಗಿತ್ತಾ?" ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿತ್ತು ಅನ್ನುತ್ತಾರೆ. "ಎರಡನೇ ಹೊಲದಲ್ಲಿ ನೀರು ಯಾಕೆ ಹರಿದು ಹೋಗದೆ ಇಂಗಿತು?" ಅಂತ ಕೇಳಿ. ಕಾರಣ ಹೇಳಿದರೆ ನಿಮ್ಮ ಕೆಲಸ ಆಯಿತು. "ಅದು ಸಾವಯವ ಅಲ್ವಾ, ಅದಕ್ಕೆ" ಅಂದರೆ ಮತ್ತೆ ಐದನೇ ಹಂತಕ್ಕೆ ಹೋಗಿ.

ಮುಗಿದ ಮೇಲೆ ಒಂದು ಪ್ರತಿಯನ್ನು ಹೊಲ ಕೊಟ್ಟ ರೈತರ ಫೋನಿಗೆ ಹಾಕಿಕೊಡಿ. ಅವರ ಫೋಟೊ, ದನಿ ಎಲ್ಲೆಲ್ಲಿ ಬಳಸುತ್ತೀರಿ ಅಂತ ಮೊದಲೇ ಹೇಳಿ ಒಪ್ಪಿಗೆ ಪಡೆದಿರಬೇಕು, ಬೇಡ ಅಂದರೆ ತೆಗೆಯಬೇಕು. ಮುಂದಿನ ಮುಂಗಾರಿಗೆ ಮುಂಚೆ ಅದೇ ಜಾಗದಲ್ಲಿ ಪೈಪ್ ಪರೀಕ್ಷೆ ಮತ್ತೆ ಮಾಡಿ ಅಂಕಿ ಬದಲಿಸಿ, ಅಳೆದ ತಿಂಗಳು ಮತ್ತು ವರ್ಷವನ್ನು ಪರದೆಯ ಕೆಳಗೆ ಬರೆಯಿರಿ. ಅಂಕಿ ಕಳೆದ ವರ್ಷಕ್ಕಿಂತ ಕೆಟ್ಟದಾಗಿ ಬಂದಿದ್ದರೂ ಬರೆಯಿರಿ.